ಬಂದೂಕು ಯಾಕೆ ಒದೆಯುತ್ತದೆ? ಸುರಪುರದ ಗುರಿಕಾರರ ನಾಡಿನಲ್ಲಿ ಹೆಗಲು, ಹಿಡಿ ಮತ್ತು ಹಗುರದ ಲೆಕ್ಕ

‘ಬಂದೂಕು ಒದೀತದ, ಎದಿ ಗಟ್ಟಿ ಇದ್ದಾಂವನ ಕೈಯಾಗ ಇರಬೇಕು.’ ಸುರಪುರ, ಶಹಾಪುರ, ಯಾದಗಿರಿ ಕಡೆ ಬಂದೂಕಿನ ಮಾತು ಬಂದರೆ ಹಿರಿಯರ ಧಾಟಿ ಹೀಗೇ ಇರುತ್ತದೆ. ಬೇಡ ನಾಯಕರ ನಾಡಲ್ಲವೇ, ಗುರಿಯ ಬಗ್ಗೆ ಅಭಿಮಾನ ಸಹಜ. ಆದರೆ ಬಂದೂಕಿನ ಒದೆತಕ್ಕೂ ಗಂಡಸುತನಕ್ಕೂ ಸಂಬಂಧವೇ ಇಲ್ಲ. ಅದು ತೂಕದ ಮತ್ತು ಮರದ ಲೆಕ್ಕ. ಈ ಲೆಕ್ಕ ಗೊತ್ತಿಲ್ಲದೆ ಟ್ರಿಗರ್ ಎಳೆದರೆ ಹೆಗಲು ಬಾತುಕೊಳ್ಳುವುದು ಸಣ್ಣ ನಷ್ಟ. ಗುರಿ ತಪ್ಪಿ ಪ್ರಾಣಿಯೊಂದು ಅರೆಜೀವವಾಗಿ ಹೊಲ ದಾಟಿ ಓಡುವುದು, ಗುಂಡು ಎಲ್ಲೋ ಹೋಗಿ ಯಾರಿಗೋ ತಗಲುವುದು ದೊಡ್ಡ ನಷ್ಟ.

ಹಗುರವಾದಷ್ಟೂ ಒದೆತ ಜಾಸ್ತಿ

ಗುಂಡು ಮುಂದಕ್ಕೆ ಎಷ್ಟು ರಭಸದಿಂದ ಹೋಗುತ್ತದೋ ಅಷ್ಟೇ ರಭಸ ಬಂದೂಕನ್ನು ಹಿಂದಕ್ಕೆ ತಳ್ಳುತ್ತದೆ. ಶಾಲೆಯಲ್ಲಿ ಓದಿದ ನ್ಯೂಟನ್ ನಿಯಮವೇ ಇದು. ಒಂದು ಉದಾಹರಣೆ ನೋಡೋಣ. 10 ಗ್ರಾಂ ಗುಂಡು ಸೆಕೆಂಡಿಗೆ 800 ಮೀಟರ್ ವೇಗದಲ್ಲಿ ಹೊರಟಿತು, ಜೊತೆಗೆ 3 ಗ್ರಾಂ ಮದ್ದು ಉರಿದು ಸುಮಾರು 1,200 ಮೀಟರ್ ವೇಗದ ಅನಿಲವಾಗಿ ಹೊರಬಿತ್ತು ಎಂದುಕೊಳ್ಳಿ. ಬಂದೂಕು 4 ಕಿಲೋ ಇದ್ದರೆ ಹೆಗಲಿಗೆ ಬೀಳುವ ಶಕ್ತಿ ಸುಮಾರು 17 ಜೂಲ್. ಅದೇ ಗುಂಡನ್ನು 3 ಕಿಲೋ ಬಂದೂಕಿನಿಂದ ಹಾರಿಸಿದರೆ ಸುಮಾರು 22 ಜೂಲ್. ತೂಕ ಕಾಲು ಭಾಗ ಇಳಿಯಿತು, ಒದೆತ ಮೂರನೇ ಒಂದು ಭಾಗ ಏರಿತು. ದಿನವಿಡೀ ಹೊತ್ತು ತಿರುಗಲು ಹಗುರ ರೈಫಲ್ ಸುಖ, ನಿಜ. ಆ ಸುಖದ ಬೆಲೆಯನ್ನು ಹೆಗಲು ಕೊಡಬೇಕು.

ಬೆಲೆ ಹೆಗಲಿಗೇ ಮುಗಿದರೆ ಚಿಂತೆಯಿರಲಿಲ್ಲ. ಒಮ್ಮೆ ಜೋರಾಗಿ ಏಟು ತಿಂದ ಮೈ ಮುಂದಿನ ಸಲ ಟ್ರಿಗರ್ ಎಳೆಯುವ ಮೊದಲೇ ಬೆದರುತ್ತದೆ. ಕಣ್ಣು ಮುಚ್ಚಿಕೊಳ್ಳುತ್ತದೆ, ಹೆಗಲು ಜರುಗುತ್ತದೆ. ಗುರಿ ತಪ್ಪುವುದು ಅಲ್ಲೇ.

ಮರದ ಹಿಡಿಯೊಳಗಿನ ಗುಟ್ಟು

ಎರಡು ಬಂದೂಕುಗಳ ತೂಕ ಒಂದೇ, ಗುಂಡೂ ಒಂದೇ. ಆದರೂ ಒಂದು ಮೆತ್ತಗೆ ತಳ್ಳುತ್ತದೆ, ಇನ್ನೊಂದು ಗುದ್ದುತ್ತದೆ. ವ್ಯತ್ಯಾಸ ಇರುವುದು ಹೆಗಲಿಗೆ ಒರಗುವ ಮರದ ಹಿಡಿಯಲ್ಲಿ, ಅಂದರೆ ಸ್ಟಾಕ್‌ನಲ್ಲಿ. ನಳಿಗೆಯ ಸಾಲಿನಿಂದ ಸ್ಟಾಕ್ ತುಂಬಾ ಕೆಳಕ್ಕೆ ಬಾಗಿದ್ದರೆ ಬಂದೂಕು ನೇರ ಹಿಂದಕ್ಕೆ ಬರುವುದಿಲ್ಲ. ಮೂತಿ ಮೇಲಕ್ಕೆ ಜಿಗಿದು ಮರ ಕೆನ್ನೆಗೆ ಬಡಿಯುತ್ತದೆ. ಸ್ಟಾಕ್ ನೇರವಾಗಿದ್ದರೆ ಹೊಡೆತ ಹೆಗಲಿಗೆ ಸೀದಾ ಬಂದು ಮೈಯೊಳಗೆ ಇಳಿದುಹೋಗುತ್ತದೆ. ಹಿಂತುದಿ ಅಗಲವಿದ್ದರೆ ಏಟು ಹರಡುತ್ತದೆ, ಕಿರಿದಾಗಿದ್ದರೆ ಒಂದೇ ಕಡೆ ನಾಟುತ್ತದೆ. ಉಕ್ಕಿನ ತಟ್ಟೆ ಇದ್ದರೆ ನೋವು, ರಬ್ಬರ್ ಮೆತ್ತೆ ಇದ್ದರೆ ಸಹನೀಯ. ಇನ್ನು ಉದ್ದ. ಹಿಂತುದಿಯನ್ನು ಮೊಣಕೈ ಮಡಿಕೆಗೆ ಇಟ್ಟಾಗ ತೋರುಬೆರಳು ಟ್ರಿಗರ್‌ಗೆ ಆರಾಮಾಗಿ ಎಟುಕಬೇಕು. ಇದು ಹಳೆಯ, ಒರಟು ಅಳತೆ. ಆದರೂ ಕೆಲಸಕ್ಕೆ ಬರುತ್ತದೆ.

ತೇಜಸ್ವಿಯವರ ಮೂಲಕ ಕನ್ನಡಿಗರಿಗೆ ಆಪ್ತನಾದ ಬೆಂಗಳೂರಿನ ಬೇಟೆಗಾರ ಕೆನೆತ್ ಆಂಡರ್ಸನ್ ನೆಚ್ಚಿಕೊಂಡಿದ್ದು .405 ವಿಂಚೆಸ್ಟರ್ ರೈಫಲ್. 1895ರ ಮಾದರಿಯ ಆ ರೈಫಲ್‌ಗೆ 19 ಗ್ರಾಂ ಮೀರಿದ ಗುಂಡು, ಬಾಗಿದ ಸ್ಟಾಕ್, ಹಿಂದೆ ಉಕ್ಕಿನ ತಟ್ಟೆ. ಒದೆತಕ್ಕೆ ಅದು ಇಂದಿಗೂ ಕುಖ್ಯಾತ. ಜಿಮ್ ಕಾರ್ಬೆಟ್‌ಗೆ ಚಂಪಾವತದ ನರಭಕ್ಷಕ ಹೆಣ್ಣುಹುಲಿಯನ್ನು ಕೊಂದದ್ದಕ್ಕೆ 1907ರಲ್ಲಿ ಉಡುಗೊರೆಯಾಗಿ ಸಿಕ್ಕಿದ್ದು ರಿಗ್ಬಿ .275. ಅದು ಹಗುರ, ಆದರೆ ಅದರ ಗುಂಡೂ ಸಣ್ಣದು. ಆದ್ದರಿಂದ ಒದೆತ ಹಿತಮಿತ. ಹಗುರ ರೈಫಲ್ ಬೇಕೆಂದರೆ ಮೆದು ತೋಟಾ ಇರಬೇಕು. ಹಗುರವೂ ಬೇಕು, ಆನೆಗುಂಡೂ ಬೇಕು ಅಂದರೆ ಆಗದು.

ಬೇಡರ ಗುರಿ, ಬೇಡರ ಬಂದೂಕು

ಈಗ ಸುರಪುರಕ್ಕೆ ಬರೋಣ. 1705ರಲ್ಲಿ ಮುಪ್ಪಿನ ಔರಂಗಜೇಬ್ ತಾನೇ ಖುದ್ದು ಬಂದು ಸುರಪುರದ ಪಕ್ಕದ ವಾಗಣಗೇರಾ ಕೋಟೆಗೆ ಮುತ್ತಿಗೆ ಹಾಕಿದ. ಪೀಡ ನಾಯಕನ ಆ ಕೋಟೆ ಎರಡೂವರೆ ತಿಂಗಳು ಬಗ್ಗಲಿಲ್ಲ. ಬೇಡ ಬಂದೂಕುಧಾರಿಗಳ ಗುರಿ ಮೊಗಲ್ ಪಾಳಯಕ್ಕೂ ಗೊತ್ತಿತ್ತು. ಆ ಕಾಲದಲ್ಲಿ ನಮ್ಮ ಕಡೆ ಇದ್ದದ್ದು ಬತ್ತಿ ಹಚ್ಚಿ ಹಾರಿಸುವ ಉದ್ದ ನಳಿಗೆಯ ಬಂದೂಕುಗಳು. ಐದಡಿ ಮೀರಿದವು ಎಷ್ಟೋ ಇದ್ದವು. ನಳಿಗೆಯ ತೂಕವೇ ಒದೆತವನ್ನು ನುಂಗುತ್ತಿತ್ತು. ತೆಳುವಾದ, ಹೆಚ್ಚೂಕಡಿಮೆ ನೇರವಾದ ಸ್ಟಾಕ್ ಮೂತಿ ಜಿಗಿಯದಂತೆ ತಡೆಯುತ್ತಿತ್ತು. ಕರಿಮದ್ದಿನ ಹೊಡೆತ ಇಂದಿನ ಮದ್ದಿನಷ್ಟು ಚುರುಕಲ್ಲ. ಅದು ಗುದ್ದುವುದಕ್ಕಿಂತ ತಳ್ಳುವುದೇ ಹೆಚ್ಚು. ಬೇಡರ ಗುರಿಗೆ ಕಾರಣ ಉಕ್ಕಿನ ಹೆಗಲಲ್ಲ. ಮೈಗೆ ಹೊಂದಿದ ಬಂದೂಕು ಮತ್ತು ದಿನಾ ಮಾಡಿದ ಅಭ್ಯಾಸ.

ಆ ಅಭ್ಯಾಸ ತಾನಾಗಿ ಕಳೆದುಹೋಗಲಿಲ್ಲ. 1857ರಲ್ಲಿ ಆಯುಧ ಒಪ್ಪಿಸಿರಿ ಎಂಬ ಬ್ರಿಟಿಷರ ಕಾಯ್ದೆಗೆ ಹಲಗಲಿಯ ಬೇಡರು ತಿರುಗಿಬಿದ್ದರು. 1858ರಲ್ಲಿ ಸುರಪುರದ ರಾಜಾ ವೆಂಕಟಪ್ಪ ನಾಯಕರ ಬಂಡಾಯವೂ ಮುರಿದುಬಿತ್ತು. ಬಂದೂಕಿನ ಹೆಮ್ಮೆ ಉಳಿಯಿತು, ಬಂದೂಕಿನ ತಿಳಿವಳಿಕೆ ಸವೆಯಿತು.

ಇವತ್ತಿನ ಹೊಲದಲ್ಲಿ

ಇಂದು ಬೇಟೆ ಅಪರಾಧ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅದನ್ನು ನಿಲ್ಲಿಸಿದ್ದು ಸರಿಯಾಗಿಯೇ ಇದೆ. ಆದರೆ ಶೇಂಗಾ, ಜೋಳದ ಹೊಲಕ್ಕೆ ಕಾಡುಹಂದಿ ನುಗ್ಗಿದಾಗ ರೈತನ ಸಿಟ್ಟೂ ಸುಳ್ಳಲ್ಲ. ಬೆಳೆ ರಕ್ಷಣೆಗೆಂದು ಮೂತಿಯಿಂದ ಮದ್ದು ತುಂಬುವ ಬಂದೂಕಿಗೆ ಲೈಸೆನ್ಸ್ ಕೇಳಲು 1959ರ ಆಯುಧ ಕಾಯ್ದೆಯಲ್ಲಿ ದಾರಿ ಇದೆ. ಆ ಲೈಸೆನ್ಸ್ ಪ್ರಾಣಿ ಕೊಲ್ಲಲು ಪರವಾನಗಿ ಅಲ್ಲ ಎಂಬುದು ಮಾತ್ರ ಬಹಳ ಜನಕ್ಕೆ ಗೊತ್ತಿಲ್ಲ. ಹಂದಿ ಹೊಡೆಯಲೂ ಅರಣ್ಯ ಇಲಾಖೆಯ ಅಧಿಕಾರ ಪಡೆದ ಅಧಿಕಾರಿಯ ಲಿಖಿತ ಅನುಮತಿ ಬೇಕು. ಕೃಷ್ಣಮೃಗ ಮೊದಲನೇ ಅನುಸೂಚಿಯ ಪ್ರಾಣಿ. ಅದರ ವಿಷಯದಲ್ಲಿ ಕಾನೂನು ಇನ್ನೂ ಬಿಗಿ.

ಲೈಸೆನ್ಸ್ ಕೊಡುವಾಗ ಕಾಗದ ಪತ್ರ, ಪೊಲೀಸ್ ವರದಿ ನೋಡುತ್ತಾರೆ. ಬಂದೂಕು ಆ ಮನುಷ್ಯನ ಮೈಗೆ ಹೊಂದುತ್ತದೆಯೇ, ಅದರ ಒದೆತ ಅವನಿಗೆ ತಿಳಿದಿದೆಯೇ ಎಂಬುದನ್ನೂ ನೋಡಬೇಕು. ಹಗುರವಾದ ಒಂಟಿ ನಳಿಗೆಯ 12 ಬೋರ್ ಬಂದೂಕು ಎಷ್ಟೋ ರೈಫಲ್‌ಗಳಿಗಿಂತ ಜೋರಾಗಿ ಒದೆಯುತ್ತದೆ. ‘ಸ್ವಲ್ಪ ಜಾಸ್ತಿ ಮದ್ದು ಹಾಕಿದ್ರ ಜೋರ ಹೊಡೀತದ’ ಎಂದು ನಾಡಬಂದೂಕಿಗೆ ಕೈಯಳತೆಯಲ್ಲಿ ಮದ್ದು ತುಂಬಿದರೆ ಒದೆತವಷ್ಟೇ ಅಲ್ಲ, ನಳಿಗೆಯೇ ಸಿಡಿಯಬಹುದು. ಕೈ, ಕಣ್ಣು ಹೋದಮೇಲೆ ಹೆಮ್ಮೆಯಿಂದ ಏನೂ ವಾಪಸ್ ಬರುವುದಿಲ್ಲ.

ಬಂದೂಕೇ ಬೇಡ, ಬೇಲಿ ಮತ್ತು ತಕ್ಕ ಪರಿಹಾರ ಸಾಕು ಎನ್ನುವವರ ವಾದದಲ್ಲಿ ತೂಕವಿದೆ. ಪರಿಹಾರ ಹೊತ್ತಿಗೆ ಸರಿಯಾಗಿ ಕೈಗೆ ಬಂದರೆ ಎಷ್ಟೋ ರೈತರು ಬಂದೂಕಿನ ಗೊಡವೆಗೇ ಹೋಗಲಾರರು. ಆದರೆ ಬಂದೂಕು ಇರುವ ತನಕ ಅದನ್ನು ಹಿಡಿಯುವವನಿಗೆ ಕಲಿಸುವ ಹೊಣೆ ಲೈಸೆನ್ಸ್ ಕೊಟ್ಟ ಜಿಲ್ಲಾಡಳಿತದ್ದು. ಸುರಪುರದ ಗುರಿಕಾರರ ಹೆಸರು ಹೇಳಿ ಎದೆ ತಟ್ಟಿಕೊಳ್ಳುವವರು ಅವರ ಹೆಗಲನ್ನಲ್ಲ, ಅವರ ಲೆಕ್ಕವನ್ನು ನೆನಪಿಟ್ಟುಕೊಳ್ಳಲಿ.