ಹನ್ನೆರಡು ಗ್ರಾಂ

ನಮ್ಮ ಮೊಹಲ್ಲಾದ ಹುಡುಗನೊಬ್ಬನನ್ನು ಪೊಲೀಸರು ಹಿಡಿದಾಗ ಅವನ ಸ್ಕೂಟರ್ ಡಿಕ್ಕಿಯಲ್ಲಿ ಸಿಕ್ಕಿದ್ದು 12 ಗ್ರಾಂ ಎಂಡಿಎಂಎ. "ಬರೀ ಹನ್ನೆರಡು ಗ್ರಾಂ, ಮೂರು ಚಮಚ ಸಕ್ಕರೆಯಷ್ಟು. ಜುಮ್ಮಾದೊಳಗೆ ಮನೆಗೆ ಬರುತ್ತಾನೆ" ಎಂದು ಚಹಾ ಅಂಗಡಿಯಲ್ಲಿ ಎಲ್ಲರೂ ಹೇಳಿದರು. ರಂಜಾನ್ ಬಂತು, ಈದ್ ಮುಗಿಯಿತು, ಅವನು ಬರಲಿಲ್ಲ. ಅವನ ತಾಯಿಗೆ ಉರ್ದು ಮಾತ್ರ ಓದಲು ಬರುತ್ತದೆ. ಆ ಖಾಲಾ ಕನ್ನಡದಲ್ಲಿದ್ದ ಕಾಗದಗಳನ್ನು ನನ್ನ ಹತ್ತಿರ ತಂದರು. ಅವನ್ನು ಓದಿ ಹೇಳಲು ನಾನು ಕಾಯ್ದೆಯನ್ನೂ ಓದಬೇಕಾಯಿತು.

ನಮ್ಮ ರಾಜ್ಯದ ಜಿಲ್ಲೆಗಳಲ್ಲಿ ಈ ಕೆಲಸಕ್ಕೆಂದೇ ಸೆನ್ ಪೊಲೀಸ್ ಠಾಣೆ ಇದೆ. ಸೈಬರ್, ಆರ್ಥಿಕ ಮತ್ತು ಮಾದಕ ವಸ್ತು ಅಪರಾಧಗಳನ್ನು ನೋಡುವ ಠಾಣೆ ಅದು. ಸಾಮಾನ್ಯ ಠಾಣೆಗಳೂ ಅಬಕಾರಿ ಇಲಾಖೆಯೂ ಇಂಥ ಪ್ರಕರಣ ದಾಖಲಿಸುತ್ತವೆ. ಎಲ್ಲರೂ ನಡೆಯಬೇಕಾದದ್ದು 1985ರ ಎನ್‌ಡಿಪಿಎಸ್ ಕಾಯ್ದೆಯಂತೆ.

ಸಿನಿಮಾದಲ್ಲಿ ಇವರ ಕೆಲಸವೆಂದರೆ ಬರೀ ಓಡುವುದು, ಬೆನ್ನಟ್ಟುವುದು. ಕಾಗದ ನೋಡಿದರೆ ಮುಕ್ಕಾಲು ಪಾಲು ತೂಗುವುದು, ಬರೆಯುವುದು. ಗುಪ್ತ ಮಾಹಿತಿ ಬಂದರೆ ಅದನ್ನು ಬರೆದಿಟ್ಟು 72 ಗಂಟೆಯೊಳಗೆ ಮೇಲಧಿಕಾರಿಗೆ ಪ್ರತಿ ಕಳುಹಿಸಬೇಕು. ಮೈ ತಪಾಸಣೆ ಮಾಡುವ ಮೊದಲು "ಪತ್ರಾಂಕಿತ ಅಧಿಕಾರಿ ಅಥವಾ ಮ್ಯಾಜಿಸ್ಟ್ರೇಟ್ ಎದುರು ತಪಾಸಣೆ ಆಗಲಿ ಎಂದು ಕೇಳುವ ಹಕ್ಕು ನಿನಗಿದೆ" ಎಂದು ತಿಳಿಸಲೇಬೇಕು. ಹೆಣ್ಣುಮಕ್ಕಳನ್ನು ಹೆಣ್ಣುಮಕ್ಕಳೇ ತಪಾಸಣೆ ಮಾಡಬೇಕು. ಆದರೆ ಈ 50ನೇ ಕಲಮು ಮೈಗೆ ಮಾತ್ರ. ಕೈಯಲ್ಲಿರುವ ಬ್ಯಾಗಿಗೂ ಸ್ಕೂಟರ್ ಡಿಕ್ಕಿಗೂ ಅನ್ವಯಿಸುವುದಿಲ್ಲ. ಖಾಲಾ ಇದನ್ನೇ ಎರಡು ಸಲ ಕೇಳಿದರು.

ಆಮೇಲೆ ಪಂಚರ ಎದುರು ತೂಕ, ಸೀಲು, ಸಹಿ, ಮಹಜರು. ವಶಪಡಿಸಿಕೊಂಡದ್ದರ ವರದಿ 48 ಗಂಟೆಯೊಳಗೆ ಮೇಲಧಿಕಾರಿಗೆ ಹೋಗಬೇಕು. ಮ್ಯಾಜಿಸ್ಟ್ರೇಟ್ ಎದುರು ಪಟ್ಟಿ ಮಾಡಿಸಿ, ಮಾದರಿ ತೆಗೆದು ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಕಳುಹಿಸಬೇಕು. ಮಹಜರಿನ ತೂಕ, ಠಾಣೆಯ ಮುದ್ದೆಮಾಲು ರಿಜಿಸ್ಟರಿನ ತೂಕ, ಸೀಲಿನ ಗುರುತು ಒಂದಕ್ಕೊಂದು ಹೊಂದಬೇಕು. ನಮ್ಮ ಅಕೌಂಟೆನ್ಸಿಯಲ್ಲಿ ವೋಚರ್ ಇಲ್ಲದ ಎಂಟ್ರಿ ನಿಲ್ಲುವುದಿಲ್ಲವಲ್ಲ, ಹಾಗೆಯೇ. ಹೊಂದದಿದ್ದರೆ ಆರೋಪಿಯ ವಕೀಲರು ಅಲ್ಲೇ ಹಿಡಿಯುತ್ತಾರೆ.

ಇನ್ನು ಆ ಹನ್ನೆರಡು ಗ್ರಾಂ. ಕಾಯ್ದೆಯಡಿ ಪ್ರತಿ ವಸ್ತುವಿಗೂ ಎರಡು ಗೆರೆಗಳಿವೆ: ಅಲ್ಪ ಪ್ರಮಾಣ, ವಾಣಿಜ್ಯ ಪ್ರಮಾಣ. ಗಾಂಜಾಕ್ಕೆ 1 ಕಿಲೋ ಮತ್ತು 20 ಕಿಲೋ. ಹೆರಾಯಿನ್‌ಗೆ 5 ಗ್ರಾಂ ಮತ್ತು 250 ಗ್ರಾಂ. ಎಂಡಿಎಂಎಗೆ ಅರ್ಧ ಗ್ರಾಂ ಮತ್ತು 10 ಗ್ರಾಂ. ನಮ್ಮ ಪಠ್ಯದಲ್ಲಿ ವಾಣಿಜ್ಯ ಎಂದರೆ ಕೊಳ್ಳುವುದು, ಮಾರುವುದು. ಇಲ್ಲಿ ಹಾಗಲ್ಲ. ಒಂದು ರೂಪಾಯಿ ವ್ಯಾಪಾರ ಮಾಡದಿದ್ದರೂ ತೂಕ ಗೆರೆ ದಾಟಿದರೆ ಅದು ವಾಣಿಜ್ಯ ಪ್ರಮಾಣವೇ. ಬೇರೆ ಪುಡಿ ಬೆರೆಸಿದ್ದರೆ? ಅದರ ತೂಕವೂ ಸೇರುತ್ತದೆ ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೀರಾ ಸಿಂಗ್ ಪ್ರಕರಣದಲ್ಲಿ ಹೇಳಿತು.

ಗೆರೆ ದಾಟಿದರೆ ಕನಿಷ್ಠ 10 ವರ್ಷ ಜೈಲು, ಕನಿಷ್ಠ 1 ಲಕ್ಷ ದಂಡ. ಆರೋಪಪಟ್ಟಿ ಸಲ್ಲಿಸಲು ಪೊಲೀಸರಿಗೆ 180 ದಿನ ಇದೆ. ಈತ ತಪ್ಪಿತಸ್ಥನಲ್ಲ ಎಂದು ನಂಬಲು ಕಾರಣವಿದೆ, ಹೊರಬಂದರೆ ಮತ್ತೆ ಅಪರಾಧ ಮಾಡುವುದಿಲ್ಲ ಎಂದು ನ್ಯಾಯಾಧೀಶರಿಗೆ ಅನಿಸಿದರೆ ಮಾತ್ರ ಜಾಮೀನು. ಚಹಾ ಅಂಗಡಿಯ ಲೆಕ್ಕ ತಪ್ಪಿದ್ದು ಇಲ್ಲಿ.

"ನಮಗಿನ್ನೂ ಹದಿನೆಂಟು ಆಗಿಲ್ಲ, ನಮಗೇನು?" ಎಂದು ನಮ್ಮ ತರಗತಿಯಲ್ಲೇ ಒಬ್ಬ ಕೇಳಿದ. ನನಗೂ ಹದಿನೇಳೇ. ಕನಿಷ್ಠ ಶಿಕ್ಷೆ ಏಳು ವರ್ಷ ಅಥವಾ ಹೆಚ್ಚಿರುವ ಅಪರಾಧದ ಆರೋಪ ಬಂದರೆ, ಹದಿನಾರು ತುಂಬಿದವರನ್ನು ದೊಡ್ಡವರಂತೆ ವಿಚಾರಣೆ ಮಾಡಬೇಕೇ ಎಂದು ಬಾಲ ನ್ಯಾಯ ಮಂಡಳಿ ಪರಿಶೀಲಿಸಬಹುದು. 2015ರ ಬಾಲ ನ್ಯಾಯ ಕಾಯ್ದೆಯಲ್ಲಿದೆ ಇದು. ಮಕ್ಕಳ ಕೈಯಲ್ಲಿ ಇಂಥ ಪೊಟ್ಟಣ ಸಾಗಿಸುವವರಿಗೆ ಏಳು ವರ್ಷದವರೆಗೆ ಶಿಕ್ಷೆ ಎಂದೂ ಅದೇ ಕಾಯ್ದೆ ಹೇಳುತ್ತದೆ. ಆದರೆ ಮೊದಲು ಸಿಕ್ಕಿಬೀಳುವುದು ಹೊತ್ತವನು. "ಇದನ್ನು ಅಲ್ಲಿ ಕೊಟ್ಟು ಬಾ, ಐನೂರು ಕೊಡುತ್ತೇನೆ" ಎಂದವನ ನಿಜವಾದ ಹೆಸರೂ ಅವನಿಗೆ ಗೊತ್ತಿರುವುದಿಲ್ಲ.

ಕಾಯ್ದೆಯ ಕೊನೆಗೆ 64ಎ ಎಂಬ ಕಲಮಿದೆ. ಸೇವನೆಯ ಅಥವಾ ಅಲ್ಪ ಪ್ರಮಾಣದ ಆರೋಪವಿರುವ ವ್ಯಸನಿ ತಾನಾಗಿಯೇ ಮುಂದೆ ಬಂದು ಸರ್ಕಾರದ ಅಥವಾ ಸರ್ಕಾರ ಮಾನ್ಯ ಮಾಡಿದ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆದರೆ ಆ ಆರೋಪಕ್ಕೆ ಶಿಕ್ಷೆಯಿಲ್ಲ. ಚಿಕಿತ್ಸೆಯನ್ನು ಅರ್ಧಕ್ಕೆ ಬಿಟ್ಟರೆ ಈ ರಕ್ಷಣೆ ಹೋಗಬಹುದು. ಎಲ್ಲಿಗೆ ಹೋಗಬೇಕೆಂದು ಕೇಳಲು ಕೇಂದ್ರ ಸರ್ಕಾರದ ಉಚಿತ ಸಹಾಯವಾಣಿ 14446 ಇದೆ. ಹನ್ನೆರಡು ಗ್ರಾಂ ಸಿಕ್ಕ ಮೇಲೆ ಈ ಬಾಗಿಲು ಇಲ್ಲ.

ಇದನ್ನು ಖಾಲಾಗೆ ಉರ್ದುವಿನಲ್ಲಿ ಹೇಳಿದೆ. ಮಗ ಏನೋ ತೆಗೆದುಕೊಳ್ಳುತ್ತಿದ್ದಾನೆ ಎಂದು ಅವರಿಗೆ ಒಂದು ವರ್ಷದಿಂದ ಗೊತ್ತಿತ್ತಂತೆ. ಜನ ಏನೆನ್ನುತ್ತಾರೋ ಎಂದು ಬಾಯಿ ಬಿಟ್ಟಿರಲಿಲ್ಲ. ಕಾಗದಗಳನ್ನು ಪ್ಲಾಸ್ಟಿಕ್ ಕವರಿಗೆ ಹಾಕುತ್ತಾ, "ಈ ಕಾನೂನು ಆಗಲೂ ಇತ್ತಾ ಬೇಟಾ?" ಎಂದು ಕೇಳಿದರು. ಇತ್ತು ಎಂದೆ.