ಗ್ರೀಕರ ಈಡಿಪಸ್, ನಮ್ಮ ಅಜ್ಜಿಯ ಕತೆ

ತಿಳಿಯದೆ ತಂದೆಯನ್ನು ಕೊಂದು, ತಿಳಿಯದೆ ತಾಯಿಯನ್ನೇ ಮದುವೆಯಾದ ದೊರೆ ಈಡಿಪಸ್. ಗ್ರೀಕರ ಈ ಕತೆಯ ತಂಗಿಯಂಥ ಕತೆಯೊಂದು ಹಂಸಭಾವಿಯಂಥ ಊರುಗಳಿರುವ ನಮ್ಮ ಉತ್ತರ ಕರ್ನಾಟಕದಲ್ಲೂ ಇತ್ತೆಂದರೆ ನಂಬುವಿರಾ? ಅದನ್ನು ಬರೆದುಕೊಂಡು ಜಗತ್ತಿಗೆ ತಿಳಿಸಿದವರು ಕವಿ ಎ.ಕೆ. ರಾಮಾನುಜನ್ (1929–1993).

ಅವರದು ಮೈಸೂರಿನಲ್ಲಿ ನೆಲೆಸಿದ ತಮಿಳು ಮನೆತನ. ಅಡುಗೆಮನೆಯಲ್ಲಿ ತಾಯಿಯ ತಮಿಳು, ಬೀದಿಯಲ್ಲಿ ಕನ್ನಡ, ಮಹಡಿಯ ಮೇಲೆ ಗಣಿತದ ಪ್ರೊಫೆಸರರಾದ ತಂದೆಯ ಇಂಗ್ಲಿಷ್. ಆ ತಂದೆಗೆ ಖಗೋಳವಿಜ್ಞಾನವೂ ಬೇಕು, ಜ್ಯೋತಿಷ್ಯವೂ ಬೇಕು! 1959ರಲ್ಲಿ ಅಮೆರಿಕಕ್ಕೆ ಹೋದ ಮಗ ಷಿಕಾಗೊದಲ್ಲಿ ಪಾಠ ಹೇಳುತ್ತ ಇಂಗ್ಲಿಷಿನಲ್ಲೂ ಕನ್ನಡದಲ್ಲೂ ಕವಿತೆ ಬರೆದರು. ಅವರ ಕನ್ನಡ ಸಂಕಲನದ ಹೆಸರು ‘ಹೊಕ್ಕುಳಲ್ಲಿ ಹೂವಿಲ್ಲ’ (1969). ವಿಷ್ಣುವಿನ ನಾಭಿಯಲ್ಲಿ ಕಮಲವುಂಟು, ಮನುಷ್ಯನಿಗಿಲ್ಲ. ಹೀಗೆ ಪುರಾಣವನ್ನು ಮನೆಯ ಮಟ್ಟಕ್ಕೆ ಇಳಿಸಿ ನೋಡುವುದು ಅವರ ರೀತಿ.

ಈಡಿಪಸ್ ಕತೆಯನ್ನೂ ಅವರು ಹಾಗೆಯೇ ನೋಡಿದರು. ಗ್ರೀಕ್ ನಾಟಕದಲ್ಲಿ ಸಂಕಟವೆಲ್ಲ ಮಗನದು. ಕನ್ನಡದ ಕತೆಯಲ್ಲಿ ಕೆಟ್ಟ ಹಣೆಬರಹ ಹೊತ್ತು ಹುಟ್ಟಿದವಳು ತಾಯಿ. ಎಳೆಗೂಸನ್ನು ಸುತ್ತಿ ಹೊಳೆಗೆ ಬಿಟ್ಟ ಸೀರೆಯ ತುಂಡು ವರ್ಷಗಳ ನಂತರ ಗಂಡನ ಮನೆಯಲ್ಲೇ ಕಣ್ಣಿಗೆ ಬಿದ್ದಾಗ ಅವಳಿಗೆ ಎಲ್ಲವೂ ತಿಳಿಯುತ್ತದೆ. ತೊಟ್ಟಿಲಲ್ಲಿರುವುದು ಮಗನೋ, ಮೊಮ್ಮಗನೋ, ಗಂಡನ ತಮ್ಮನೋ? ಅವಳ ಜೋಗುಳದಲ್ಲಿ ಮೂರು ಹೆಸರೂ ಬರುತ್ತವೆ. ಅಪ್ಪನನ್ನು ಕೊಲ್ಲುವ ಮಾತೇ ಇಲ್ಲಿಲ್ಲ.

ಕತೆ ಒಂದೇ, ಹೇಳುವವರು ಹೆಂಗಸರಾದಾಗ ನೋವಿನ ಒಡತಿ ಬದಲಾದಳು. ಇದನ್ನು ಗುರುತಿಸಲು ರಾಮಾನುಜನ್‌ಗೆ ಗ್ರೀಕರ ನಾಟಕವೂ ಬೇಕಾಯಿತು, ಅಕ್ಷರ ಬಾರದ ಮುದುಕಿಯರ ಮಾತೂ ಬೇಕಾಯಿತು. ಮಕ್ಕಳೇ, ಮೊದಲನೆಯದು ಗ್ರಂಥಾಲಯದಲ್ಲಿ ಎಂದಾದರೂ ಸಿಕ್ಕೀತು. ಎರಡನೆಯದನ್ನು ಅಜ್ಜಿ ಇರುವಾಗಲೇ ಕೇಳಿ ಬರೆದಿಡಬೇಕು.