ಬೀಫೀಟರ್ ಎದೆಯ ಮೇಲಿನ ‘ಆರ್’ ರಾಯಲ್ ಅಲ್ಲ

ಲಂಡನ್ ಟವರ್ ನೋಡಿಬಂದವರ ಫೋಟೊಗಳಲ್ಲಿ ಒಬ್ಬ ಬೀಫೀಟರ್ ಇದ್ದೇ ಇರುತ್ತಾನೆ. ಅಧಿಕೃತವಾಗಿ ಅವನು ಯೋಮನ್ ವಾರ್ಡರ್. ದುಂಡು ಟೋಪಿ, ಕೆಂಪು ಪಟ್ಟಿಯ ಕಡುನೀಲಿ ನಿಲುವಂಗಿ. ಈ ನೀಲಿ ಉಡುಪು 1858ರಿಂದ ಬಂದದ್ದು. ಎದೆಯ ಮೇಲೆ ಕೆಂಪು ಕಿರೀಟ, ಅದರಡಿ ರಾಣಿ ಎಲಿಜಬೆತ್ ಕಾಲದಲ್ಲಿ ‘ಇ’ ಮತ್ತು ‘ಆರ್’, ನಡುವೆ ಎರಡು ನೆಟ್ಟ ಗೆರೆ.

ತಪ್ಪು ಕಲ್ಪನೆ: ‘ಆರ್’ ಎಂದರೆ ರಾಯಲ್.

ಸತ್ಯ: ಅದು ಇಂಗ್ಲಿಷೇ ಅಲ್ಲ, ಲ್ಯಾಟಿನ್. ರಾಜನಿಗೆ ರೆಕ್ಸ್, ರಾಣಿಗೆ ರೆಜೀನಾ. ಎರಡರ ಮೊದಲಕ್ಷರವೂ ಒಂದೇ ಆದ್ದರಿಂದ ಸಿಂಹಾಸನಕ್ಕೆ ಯಾರೇ ಬರಲಿ, ‘ಆರ್’ ಅಲುಗುವುದಿಲ್ಲ. 2022ರ ಸೆಪ್ಟೆಂಬರ್‌ನಲ್ಲಿ ಪ್ರಕಟವಾದ ರಾಜ ಚಾರ್ಲ್ಸ್ ಲಾಂಛನದಲ್ಲೂ ‘ಸಿ’ಗೆ ಹೆಣೆದುಕೊಂಡಿರುವುದು ಅದೇ ‘ಆರ್’. ಅದರ ಹೊಟ್ಟೆಯೊಳಗೆ ಮೂರು ಗೆರೆ.

ತಪ್ಪು ಕಲ್ಪನೆ: ಆ ಗೆರೆಗಳು ‘ಐ’ ಅಕ್ಷರ.

ಸತ್ಯ: ಅವು ರೋಮನ್ ಅಂಕಿ: ಎರಡು ಗೆರೆ ಎಂದರೆ ಎರಡನೆಯ ಎಲಿಜಬೆತ್, ಮೂರು ಎಂದರೆ ಮೂರನೆಯ ಚಾರ್ಲ್ಸ್. ಅಂಕಿಯಿಲ್ಲದೆ ಬರೀ ‘ಇ ಆರ್’ ಎಂದರೆ ಎಡ್ವರ್ಡ್ ರೆಕ್ಸ್ ಕೂಡ ಆಗಬಹುದು. ಇಷ್ಟು ಚಿಕ್ಕ ಗೆರೆಗಳಿಗಾಗಿ ಸ್ಕಾಟ್ಲೆಂಡಿನಲ್ಲಿ ಸ್ಫೋಟವೇ ನಡೆದಿದೆ! ಮೊದಲ ಎಲಿಜಬೆತ್ ಆಳಿದ್ದು ಇಂಗ್ಲೆಂಡನ್ನು, ಸ್ಕಾಟ್ಲೆಂಡನ್ನಲ್ಲ. ಒಬ್ಬನೇ ರಾಜ ಎರಡನ್ನೂ ಆಳತೊಡಗಿದ್ದು ಅವಳು ಸತ್ತ 1603ರಲ್ಲಿ. ಮೊದಲನೆಯವಳೇ ಇಲ್ಲದ ಊರಿಗೆ ಎರಡನೆಯವಳು ಹೇಗೆ ಬಂದಳು ಎಂಬುದು ಸ್ಕಾಟರ ತಕರಾರು, ನ್ಯಾಯವಾದದ್ದೇ. 1953ರ ಫೆಬ್ರುವರಿಯಲ್ಲಿ ಎಡಿನ್‌ಬರೊದಲ್ಲಿ ಈ ಗುರುತಿದ್ದ ಅಂಚೆಪೆಟ್ಟಿಗೆಯನ್ನು ಸಿಡಿಸಿದರು. ಆಮೇಲೆ ಅಲ್ಲಿನ ಹೊಸ ಪೆಟ್ಟಿಗೆಗಳ ಮೇಲೆ ಬಂದದ್ದು ಸ್ಕಾಟಿಷ್ ಕಿರೀಟ ಮಾತ್ರ. ಚಾರ್ಲ್ಸ್‌ಗೆ ಈ ತೊಡಕಿಲ್ಲ. ಹಿಂದಿನ ಇಬ್ಬರು ಚಾರ್ಲ್ಸರೂ ಎರಡೂ ಕಡೆ ಆಳಿದವರು.

ಇನ್ನೂ ಎಡವಿಸುವುದು ‘ವಿ’. ‘ವಿ ಆರ್’ ಎಂದಿದ್ದರೆ ಅದು ಹೆಸರು, ವಿಕ್ಟೋರಿಯಾ. ಜಿ ಮತ್ತು ಆರ್ ನಡುವೆ ಬಂದರೆ ಅದೇ ‘ವಿ’ ಅಂಕಿ: ಐದನೆಯ ಜಾರ್ಜ್. ಅಲ್ಲಿ ವಿಕ್ಟೋರಿಯಾಳನ್ನು ಹುಡುಕಬೇಡಿ.

ತಪ್ಪು ಕಲ್ಪನೆ: ಅರಸ ಸತ್ತ ದಿನವೇ ಎಲ್ಲ ಬದಲಾಗುತ್ತದೆ.

ಸತ್ಯ: ಬಿರುದು ಬದಲಾಗುತ್ತದೆ, ಬಟ್ಟೆಯಲ್ಲ. ಹಿರಿಯ ವಕೀಲರ ‘ಕ್ವೀನ್ಸ್ ಕೌನ್ಸೆಲ್’ ಬಿರುದು, ರಾಣಿ ಎಲಿಜಬೆತ್ ತೀರಿಕೊಂಡ 2022ರ ಸೆಪ್ಟೆಂಬರ್ 8ರಂದೇ ‘ಕಿಂಗ್ಸ್ ಕೌನ್ಸೆಲ್’ ಆಯಿತು. ಕಸೂತಿ, ಗುಂಡಿ, ಪಟ್ಟಿಗಳು ನಿಧಾನವಾಗಿ ಬದಲಾದವು. ವಿಕ್ಟೋರಿಯಾ ಕಾಲದ ಕೆಲವು ಅಂಚೆಪೆಟ್ಟಿಗೆಗಳಿಗಂತೂ ಜನ ಇಂದಿಗೂ ಕಾಗದ ಹಾಕುತ್ತಾರೆ.

‘ಐ’ ನಿಜಕ್ಕೂ ಅಕ್ಷರವಾಗಿ ಬರುವ ಒಂದು ಸಂದರ್ಭವಿದೆ, ಅದು ನಮಗೆ ಸಂಬಂಧಿಸಿದ್ದು. 1876ರ ಕಾಯ್ದೆಯ ಬಲದಿಂದ ವಿಕ್ಟೋರಿಯಾ ‘ಭಾರತದ ಚಕ್ರವರ್ತಿನಿ’ಯಾದಳು. ಆಗ ‘ವಿ ಆರ್’ ಕೊನೆಗೆ ಒಂದು ‘ಐ’ ಸೇರಿಕೊಂಡಿತು. ಅದು ಇಂಡಿಯಾ ಅಲ್ಲ. ಚಕ್ರವರ್ತಿನಿಗೆ ಲ್ಯಾಟಿನ್ನಿನಲ್ಲಿ ಇಂಪೆರಾಟ್ರಿಕ್ಸ್, ಚಕ್ರವರ್ತಿಗೆ ಇಂಪೆರಾಟೋರ್. ಎರಡನೇ ಮಹಾಯುದ್ಧದಲ್ಲಿ ಬರ್ಮಾ ಗಡಿಯಲ್ಲಿ ಕಾದಾಡಿದ ಭಾರತೀಯ ಸೈನಿಕರಿಗೆ ಸಿಕ್ಕ ಬರ್ಮಾ ಸ್ಟಾರ್ ಪದಕದ ನಡುವೆ ‘ಜಿ ಆರ್ ಐ’ ಇದೆ, ಜೊತೆಗೆ ಆರನೆಯ ಜಾರ್ಜ್‌ನ ಅಂಕಿ. ‘ಭಾರತದ ಚಕ್ರವರ್ತಿ’ ಎಂಬ ಬಿರುದನ್ನು ಅವನು ಕೈಬಿಟ್ಟದ್ದು 1948ರ ಜೂನ್ 22ರಂದು. ಹಾಗಾಗಿ ಅವನ ಮಗಳು ಎಲಿಜಬೆತ್‌ಗೆ ಆ ‘ಐ’ ಬರಲೇ ಇಲ್ಲ. ನಿಮ್ಮ ಮನೆಯ ಹಳೆಯ ಟ್ರಂಕಿನಲ್ಲಿ ಅಂಥ ಪದಕವೇನಾದರೂ ಇದ್ದರೆ, ಅಕ್ಷರ ಯಾವುದು, ಅಂಕಿ ಯಾವುದು ಎಂದು ಒಮ್ಮೆ ತೆಗೆದು ನೋಡಿ.